ಅಂಗಳವೇ ಇಟ್ಟ ಹೆಸರು

ದೆಹಲಿಯ ಆಗ್ನೇಯ ಅಂಚಿನಲ್ಲಿ ಯಮುನೆಯ ದಂಡೆಗೆ ತಗುಲಿಕೊಂಡಿರುವ ಓಖ್ಲಾ ಹೊರಗಿನವರಿಗೆ ಪರಿಚಯವಾಗಿರುವುದು ಕಾರ್ಖಾನೆಗಳ ಸಾಲಿನಿಂದ, ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನಿಂದ ಮತ್ತು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯದಿಂದ. ಆ ವಿಶ್ವವಿದ್ಯಾಲಯದ ಕ್ರೀಡಾ ಸಂಕೀರ್ಣಕ್ಕೆ ಭಾರತ ಕ್ರಿಕೆಟ್ ತಂಡದ ನಾಯಕರಾಗಿದ್ದ ಮನ್ಸೂರ್ ಅಲಿ ಖಾನ್ ಪಟೌಡಿಯವರ ಹೆಸರಿದೆ. 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡು, ಮರುವರ್ಷವೇ ತಮ್ಮ 21ನೆಯ ವಯಸ್ಸಿನಲ್ಲಿ ದೇಶದ ತಂಡದ ಹೊಣೆ ಹೊತ್ತ ಈ ಆಟಗಾರನನ್ನು ಕ್ರಿಕೆಟ್ ಲೋಕ ಇಂದಿಗೂ ನೆನೆಯುವುದು ‘ಟೈಗರ್’ ಎಂದು. ಆ ಹೆಸರು ಅವರಿಗೆ ಮೈದಾನದಲ್ಲಿ ದೊರೆತದ್ದಲ್ಲ, ಬಾಲ್ಯದಲ್ಲಿ ಮನೆಯವರು ಕರೆದದ್ದು. ಆದರೂ ಅದು ಮನೆಯ ಹೊಸ್ತಿಲು ದಾಟಿ ದೇಶದ ಬಾಯಿಗೆ ಬಂದಿತು, 1969ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಶೀರ್ಷಿಕೆಯನ್ನೂ ಸೇರಿಕೊಂಡಿತು. ಕ್ರಿಕೆಟ್ಟಿಗೆ ರೇಡಿಯೊದ ವೀಕ್ಷಕ ವಿವರಣೆ, ಪತ್ರಿಕೆಯ ಕ್ರೀಡಾಪುಟ ಮತ್ತು ಹೆಸರನ್ನು ಬಾಯಿಂದ ಬಾಯಿಗೆ ದಾಟಿಸುವ ಅಭಿಮಾನಿಗಳು ಇದ್ದುದರಿಂದ ಇದು ಸಾಧ್ಯವಾಯಿತು.

ಓಖ್ಲಾದಿಂದ ಯಮುನೆಯನ್ನು ದಾಟಿ ನೊಯ್ಡಾದ ಮೂಲಕ ಮುಂದೆ ಸಾಗಿದರೆ ಸಿಗುವ ಗ್ರೇಟರ್ ನೊಯ್ಡಾದಲ್ಲಿ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಎನ್‌ಬಿಎ, 2017ರ ಮೇ ತಿಂಗಳಲ್ಲಿ ತನ್ನ ಭಾರತೀಯ ಅಕಾಡೆಮಿಯನ್ನು ತೆರೆಯಿತು. ಆಟದ ತಂತ್ರ, ದೇಹಸಾಮರ್ಥ್ಯ, ಆಹಾರಕ್ರಮ ಇವುಗಳನ್ನು ಅಮೆರಿಕದಿಂದ ತಂದು ಇಲ್ಲಿನ ಹುಡುಗರಿಗೆ ಕಲಿಸುವುದು ಅದರ ಉದ್ದೇಶವಾಗಿತ್ತು. ಆದರೆ ಎನ್‌ಬಿಎ ಎಂಬ ಸಂಸ್ಥೆಯನ್ನು ಅಮೆರಿಕದ ಜನಜೀವನದೊಳಗೆ ಬೆರೆಸಿದ ಇನ್ನೊಂದು ಸಂಪತ್ತನ್ನು ಯಾವ ಅಕಾಡೆಮಿಯೂ ಕಲಿಸಿಕೊಡಲಾರದು. ಅದು ಆಟಗಾರರ ಅಡ್ಡಹೆಸರುಗಳು. ಮ್ಯಾಜಿಕ್, ಡಾಕ್ಟರ್ ಜೆ, ಮೇಲ್‌ಮ್ಯಾನ್, ಮೈಕ್ರೋವೇವ್, ಚಾಕೊಲೇಟ್ ಥಂಡರ್ ಮುಂತಾಗಿ ನೂರಾರು ಸಂಖ್ಯೆಯಲ್ಲಿರುವ ಈ ಹೆಸರುಗಳು ಆಟದ ಇತಿಹಾಸವನ್ನು ಅಂಕಿಅಂಶಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಹಿಡಿದಿಟ್ಟಿವೆ. ಇವು ಹೇಗೆ ಹುಟ್ಟಿದವು, ಯಾರು ಇಟ್ಟರು, ಭಾರತದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂಥವು ಏಕೆ ವಿರಳ ಎಂಬುದನ್ನು ಪರಿಶೀಲಿಸಿದರೆ, ಒಂದು ಆಟ ಜನರದಾಗುವ ಬಗೆ ತಿಳಿದುಬರುತ್ತದೆ.

ಅಡ್ಡಹೆಸರುಗಳು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಷ್ಟು ಸಮೃದ್ಧವಾಗಿ ಬೆಳೆದುದಕ್ಕೆ ಆಟದ ಸ್ವರೂಪವೇ ಮೊದಲ ಕಾರಣ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ, ವೈಎಂಸಿಎ ಸಂಸ್ಥೆಯ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಅಂಚಿಗೆ ಬಿಗಿದು ರೂಪಿಸಿದ ಆಟವಿದು. ಇಂದಿನ ಅಂತಾರಾಷ್ಟ್ರೀಯ ನಿಯಮದಂತೆ ಅಂಗಳದ ಉದ್ದ 28 ಮೀಟರ್, ಅಗಲ 15 ಮೀಟರ್. ಒಂದು ತಂಡದಿಂದ ಒಮ್ಮೆಗೆ ಐವರು ಮಾತ್ರ ಕಣದಲ್ಲಿರುತ್ತಾರೆ. ತಲೆಗೆ ಶಿರಸ್ತ್ರಾಣವಿಲ್ಲ, ಮೈಮೇಲೆ ತೋಳಿಲ್ಲದ ಅಂಗಿ, ಪ್ರೇಕ್ಷಕರ ಮೊದಲ ಸಾಲು ಗೆರೆಯ ಪಕ್ಕದಲ್ಲೇ. ಆಟಗಾರನ ಮುಖ, ಬೆವರು, ನಡಿಗೆ, ಸಿಟ್ಟು ಎಲ್ಲವೂ ಕಾಣುವಷ್ಟು ಸಮೀಪದಲ್ಲಿ ನಡೆಯುವ ಈ ಆಟದಲ್ಲಿ, ಪ್ರತಿ ಅರ್ಧ ನಿಮಿಷಕ್ಕೆ ಒಮ್ಮೆಯಾದರೂ ಹೇಳಿಕೊಳ್ಳುವಂಥದ್ದೇನೋ ಘಟಿಸುತ್ತದೆ. ಹೇಳುವವನಿಗೆ ಆ ವೇಗಕ್ಕೆ ಸರಿಹೊಂದುವ ಚುಟುಕು ಹೆಸರು ಬೇಕಾಗುತ್ತದೆ.

ಹೇಳುವವನು ಮೊದಲು ಕಾಣಿಸಿಕೊಂಡದ್ದು ಬೀದಿಯಂಗಳದಲ್ಲಿ. ನ್ಯೂಯಾರ್ಕ್ ನಗರದ ಹಾರ್ಲೆಮ್ ಕಪ್ಪುಜನರ ಬಡಾವಣೆ. ಅಲ್ಲಿ ಉದ್ಯಾನ ಇಲಾಖೆಯ ನೌಕರರಾಗಿದ್ದ ಹೋಲ್‌ಕಂಬ್ ರಕರ್, ಹುಡುಗರು ಓದು ಬಿಟ್ಟು ದಾರಿ ತಪ್ಪದಿರಲೆಂದು ಬೇಸಿಗೆಯ ಪಂದ್ಯಾವಳಿಯೊಂದನ್ನು ಆರಂಭಿಸಿದರು, ಮುಂದೆ ಅವರ ಹೆಸರನ್ನೇ ಪಡೆದ ರಕರ್ ಪಾರ್ಕ್ ಅಮೆರಿಕದ ಬೀದಿ ಬ್ಯಾಸ್ಕೆಟ್‌ಬಾಲ್‌ನ ತವರಾಯಿತು. ಅಲ್ಲಿ ಮೈಕು ಹಿಡಿದು ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದ ಉದ್ಘೋಷಕ ಆಟವನ್ನು ವರದಿ ಮಾಡುವುದಷ್ಟರಲ್ಲಿ ತೃಪ್ತನಾಗದೆ, ಆಟಗಾರರಿಗೆ ನಾಮಕರಣವನ್ನೂ ಮಾಡುತ್ತಿದ್ದ. ಅರ್ಲ್ ಮ್ಯಾನಿಗಾಲ್ಟ್ ‘ಗೋಟ್’ ಆದರು, ಜೋ ಹ್ಯಾಮಂಡ್ ‘ಡೆಸ್ಟ್ರಾಯರ್’ ಆದರು, ಗಾಳಿಯಲ್ಲಿ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದ ಹರ್ಮನ್ ನೋಯಿಂಗ್ಸ್ ‘ಹೆಲಿಕಾಪ್ಟರ್’ ಆದರು. ಇವರಾರೂ ಎನ್‌ಬಿಎ ಪಂದ್ಯದಲ್ಲಿ ಆಡಿದವರಲ್ಲ. ಬಡತನವೋ ಮಾದಕವಸ್ತುವೋ ಅವಕಾಶದ ಕೊರತೆಯೋ ಅನೇಕರನ್ನು ಬೀದಿಯಲ್ಲೇ ಉಳಿಸಿತು. ಸಂಬಳದ ಪಟ್ಟಿಯಲ್ಲಾಗಲಿ ದಾಖಲೆಯ ಪುಸ್ತಕದಲ್ಲಾಗಲಿ ಸ್ಥಾನ ಪಡೆಯದ ಅಂಥವರ ಪಾಲಿಗೆ ಅಡ್ಡಹೆಸರೇ ಏಕೈಕ ಪ್ರಶಸ್ತಿಪತ್ರವಾಗಿತ್ತು ಎಂಬುದನ್ನು ಮರೆತು ಈ ಹೆಸರುಗಳನ್ನು ಬರಿಯ ತಮಾಷೆಯೆಂದು ಓದುವುದು ಅನ್ಯಾಯ.

ಜೂಲಿಯಸ್ ಅರ್ವಿಂಗ್ ಅವರ ಕಥೆಯಲ್ಲಿ ಬೀದಿಯ ಹೆಸರು ವೃತ್ತಿಪರ ಅಂಗಳಕ್ಕೆ ಏರಿದ ಬಗೆ ಸ್ಪಷ್ಟವಾಗಿ ಕಾಣುತ್ತದೆ. ಶಾಲೆಯ ದಿನಗಳಲ್ಲಿ ಗೆಳೆಯ ಲಿಯಾನ್ ಸಾಂಡರ್ಸ್ ಮಾತುಮಾತಿಗೂ ವಾದಕ್ಕಿಳಿಯುತ್ತಿದ್ದುದರಿಂದ ಅರ್ವಿಂಗ್ ಅವನನ್ನು ‘ಪ್ರೊಫೆಸರ್’ ಎಂದು ಕರೆದರು. ಪ್ರತಿಯಾಗಿ ಸಾಂಡರ್ಸ್ ಇವರನ್ನು ‘ಡಾಕ್ಟರ್’ ಎಂದ. 1970ರ ದಶಕದ ಆರಂಭದಲ್ಲಿ ರಕರ್ ಪಾರ್ಕ್‌ಗೆ ಬಂದಾಗ ಅಲ್ಲಿನ ಉದ್ಘೋಷಕರು ಅವರ ವಿಶಾಲವಾದ ಅಂಗೈ ಮತ್ತು ಗಾಳಿಯಲ್ಲಿ ತೇಲುವ ಆಟವನ್ನು ಕಂಡು ‘ಹೌಡಿನಿ’, ‘ಬ್ಲ್ಯಾಕ್ ಮೋಸೆಸ್’ ಎಂದೆಲ್ಲ ಕೂಗತೊಡಗಿದರು. ಕರೆಯಲೇಬೇಕೆಂದರೆ ಡಾಕ್ಟರ್ ಎನ್ನಿ ಎಂದು ಅರ್ವಿಂಗ್ ಅವರೇ ಕೇಳಿಕೊಂಡರು, ಅದು ಮುಂದೆ ‘ಡಾಕ್ಟರ್ ಜೆ’ ಎಂದು ನೆಲೆಗೊಂಡಿತು. ಅವರು ವೃತ್ತಿ ಆರಂಭಿಸಿದ್ದು 1967ರಿಂದ 1976ರವರೆಗೆ ಎನ್‌ಬಿಎಗೆ ಪ್ರತಿಸ್ಪರ್ಧಿಯಾಗಿ ನಡೆದ ಎಬಿಎ ಎಂಬ ಲೀಗ್‌ನಲ್ಲಿ. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡಿನಿಂದ ಆಡುತ್ತಿದ್ದ ಆ ಲೀಗ್‌ನ ಪಂದ್ಯಗಳು ದೂರದರ್ಶನದಲ್ಲಿ ಬರುತ್ತಿದ್ದುದೇ ಅಪರೂಪ. ಆದ್ದರಿಂದ ಅರ್ವಿಂಗ್ ಅವರ ಜಿಗಿತವನ್ನು ಕಣ್ಣಾರೆ ಕಂಡವರಿಗಿಂತ, ಡಾಕ್ಟರ್ ಜೆ ಎಂಬ ಹೆಸರಿನ ಮೂಲಕ ಕೇಳಿ ಕಲ್ಪಿಸಿಕೊಂಡವರೇ ಬಹಳ ಮಂದಿ.

ಎರಡನೆಯ ಮೂಲ ಪತ್ರಿಕೆ. ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ನಗರದ ಎವರೆಟ್ ಪ್ರೌಢಶಾಲೆಯ ತಂಡದಲ್ಲಿ 15 ವರ್ಷದ ಅರ್ವಿನ್ ಜಾನ್ಸನ್ ಒಂದೇ ಪಂದ್ಯದಲ್ಲಿ 36 ಅಂಕ, 18 ರೀಬೌಂಡ್ ಮತ್ತು 16 ಅಸಿಸ್ಟ್ ಗಳಿಸಿದ. ಗುರಿ ತಪ್ಪಿ ಪುಟಿದ ಚೆಂಡನ್ನು ವಶಪಡಿಸಿಕೊಳ್ಳುವುದು ರೀಬೌಂಡ್, ಜೊತೆಗಾರ ಬುಟ್ಟಿಗೆ ಹಾಕುವಂತೆ ಚೆಂಡನ್ನು ಸಾಗಿಸಿಕೊಡುವುದು ಅಸಿಸ್ಟ್. ಈ ಮೂರೂ ವಿಭಾಗಗಳಲ್ಲಿ ಎರಡಂಕಿ ಮುಟ್ಟುವುದು ದೊಡ್ಡವರಿಗೂ ಕಷ್ಟ. ಪಂದ್ಯ ಮುಗಿದ ಮೇಲೆ ಸ್ಥಳೀಯ ಪತ್ರಿಕೆಯ ವರದಿಗಾರ ಫ್ರೆಡ್ ಸ್ಟೇಬ್ಲಿ ಜೂನಿಯರ್, ಈ ಹುಡುಗನಿಗೊಂದು ಹೆಸರು ಬೇಕೆಂದು ಯೋಚಿಸಿದರು. ಡಾಕ್ಟರ್ ಜೆ ಎಂಬುದು ಅರ್ವಿಂಗ್ ಅವರ ಪಾಲಾಗಿತ್ತು, ‘ಬಿಗ್ ಇ’ ಎಂಬುದು ಎಲ್ವಿನ್ ಹೇಯ್ಸ್ ಅವರದಾಗಿತ್ತು. ಉಳಿದದ್ದು ‘ಮ್ಯಾಜಿಕ್’. ಹುಡುಗನ ತಾಯಿ ಕ್ರಿಸ್ಟೀನ್ ಧರ್ಮನಿಷ್ಠೆಯ ಕ್ರೈಸ್ತ ಹೆಂಗಸು. ದೇವರಿಗೆ ಸಲ್ಲಬೇಕಾದ ಶಕ್ತಿಯನ್ನು ಮಗನ ಹೆಸರಿಗೆ ಅಂಟಿಸುವುದು ಅವರ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಅಚ್ಚಾದ ಹೆಸರು ಹಿಂದಕ್ಕೆ ಬರಲಿಲ್ಲ, ಇಂದು ಆತನ ಮೂಲ ಹೆಸರು ಅರ್ವಿನ್ ಎಂಬುದನ್ನೇ ಅನೇಕ ಅಭಿಮಾನಿಗಳು ಮರೆತಿದ್ದಾರೆ. ಪ್ರೌಢಶಾಲೆಯೊಂದರ ಪಂದ್ಯಕ್ಕೆ ವರದಿಗಾರನನ್ನು ಕಳುಹಿಸುವ ಊರಿನ ಪತ್ರಿಕೆ ಇಲ್ಲದಿದ್ದರೆ ಈ ಹೆಸರೂ ಇರುತ್ತಿರಲಿಲ್ಲ ಎಂಬ ಅಂಶವನ್ನು ಇಲ್ಲಿ ಗಮನಿಸಬೇಕು. ಭಾರತದ ಸಂದರ್ಭಕ್ಕೆ ಬಂದಾಗ ಇದೇ ಅಂಶ ಮುಖ್ಯವಾಗುತ್ತದೆ.

ಹೊತ್ತವನಿಗೆ ಒಪ್ಪಿಗೆಯಿಲ್ಲದ ಹೆಸರುಗಳೂ ಇದ್ದವು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿ ಇಂದಿಗೂ ಮುರಿಯದ ದಾಖಲೆ ಬರೆದ, 7 ಅಡಿ 1 ಅಂಗುಲ ಎತ್ತರದ ವಿಲ್ಟ್ ಚೇಂಬರ್ಲಿನ್ ಅವರಿಗೆ ಪತ್ರಿಕೆಗಳು ಮರಗಾಲಿಗೆ ಹೋಲಿಸಿ ‘ವಿಲ್ಟ್ ದ ಸ್ಟಿಲ್ಟ್’ ಎಂಬ ಪ್ರಾಸದ ಹೆಸರಿಟ್ಟವು. ತಮ್ಮ ದೇಹದ ಎತ್ತರವೊಂದನ್ನೇ ಎತ್ತಿ ತೋರಿಸುವ ಆ ಹೆಸರನ್ನು ಅವರು ಕೊನೆಯವರೆಗೂ ಇಷ್ಟಪಡಲಿಲ್ಲ. ಬಾಗಿಲು ದಾಟುವಾಗ ತಲೆ ಬಾಗಿಸುತ್ತಿದ್ದುದನ್ನು ಕಂಡು ಬಾಲ್ಯದ ಗೆಳೆಯರು ಇಟ್ಟ ‘ಡಿಪ್ಪರ್’ ಎಂಬ ಹೆಸರನ್ನು, ಅದರಿಂದ ಮುಂದೆ ಬೆಳೆದು ಸಪ್ತರ್ಷಿ ಮಂಡಲವನ್ನೂ ನೆನಪಿಸುವ ‘ಬಿಗ್ ಡಿಪ್ಪರ್’ ಎಂಬುದನ್ನು ಅವರು ಮೆಚ್ಚಿಕೊಂಡರು. ಎರಡೂ ಹೆಸರು ಸೂಚಿಸುವುದು ಎತ್ತರವನ್ನೇ. ಆದರೆ ಒಂದು ದೂರದಿಂದ ನೋಡಿ ಅಳೆದವರದು, ಇನ್ನೊಂದು ಜೊತೆಗೆ ನಡೆದವರದು.

ಕನ್ನಡ ನಾಡಿನ ಓದುಗರಿಗೆ ಈ ಸಂಪ್ರದಾಯ ತೀರ ಅಪರಿಚಿತವೇನಲ್ಲ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಶಾಸನಗಳು ಅವನನ್ನು ‘ತಲಕಾಡುಗೊಂಡ’ ಎಂದು ಕೊಂಡಾಡಿದಂತೆ, ಆಟಗಾರನ ಒಂದು ಕೃತ್ಯವನ್ನು ಹಿಡಿದು ನಿಲ್ಲಿಸುವ ಹೆಸರುಗಳು ಬ್ಯಾಸ್ಕೆಟ್‌ಬಾಲ್‌ನಲ್ಲಿ ವಿಪುಲವಾಗಿವೆ. ಸೊಂಟದ ಪಕ್ಕದಿಂದ ಪಿಸ್ತೂಲು ಸೆಳೆದಂತೆ ಚೆಂಡನ್ನೆಸೆಯುತ್ತಿದ್ದ ಪೀಟ್ ಮರಾವಿಚ್ ‘ಪಿಸ್ಟಲ್ ಪೀಟ್’. 1993ರಲ್ಲಿ ಎದುರಾಳಿ ಕೆವಿನ್ ಜಾನ್ಸನ್ ಅವರನ್ನು ಕೈಗವಸಿನೊಳಗಿನ ಚೆಂಡಿನಂತೆ ಬಿಗಿಯಾಗಿ ಹಿಡಿದಿಟ್ಟ ಗ್ಯಾರಿ ಪೇಟನ್ ‘ಗ್ಲವ್’. ಪಂದ್ಯದ ನಡುವೆ ಬದಲಿ ಆಟಗಾರನಾಗಿ ಇಳಿದು ಕ್ಷಣಮಾತ್ರದಲ್ಲಿ ಕಾವೇರುತ್ತಿದ್ದ ವಿನ್ನಿ ಜಾನ್ಸನ್ ಅವರನ್ನು ‘ಮೈಕ್ರೋವೇವ್’ ಎಂದದ್ದು, 1985ರಲ್ಲಿ ಅವರಿಂದಲೇ ಪೆಟ್ಟು ತಿಂದ ಎದುರಾಳಿ ತಂಡದ ಡ್ಯಾನಿ ಏಂಜ್. ಎದುರಾಳಿಯೇ ಇಟ್ಟ ಹೆಸರಿಗೆ ಇರುವ ತೂಕ ಅಭಿಮಾನಿ ಇಟ್ಟ ಹೆಸರಿಗೆ ಇರುವುದಿಲ್ಲ. ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಓದಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ಮೇಲೆ ಅಂಗಳಕ್ಕೆ ಬಂದ ಡೇವಿಡ್ ರಾಬಿನ್ಸನ್ ಅವರ ನಿಜವಾದ ದರ್ಜೆ ಜೂನಿಯರ್ ಗ್ರೇಡ್ ಲೆಫ್ಟಿನೆಂಟ್ ಮಾತ್ರವಾಗಿದ್ದರೂ, ಜನರು ಉದಾರವಾಗಿ ಅವರನ್ನು ‘ಅಡ್ಮಿರಲ್’ ಎಂಬ ಉನ್ನತ ಪದವಿಗೇ ಏರಿಸಿದರು.

ಹೆಸರೇ ಹೊತ್ತವನಿಗೆ ತಿರುಗಿಬಿದ್ದ ಪ್ರಸಂಗ ಒಂದಿದೆ. ಯೂಟಾ ಜಾಜ್ ತಂಡದ ಕಾರ್ಲ್ ಮಲೋನ್ ಅವರಿಗೆ ಕಾಲೇಜಿನ ದಿನಗಳಿಂದಲೂ ‘ಮೇಲ್‌ಮ್ಯಾನ್’, ಅಂದರೆ ಅಂಚೆಯವ ಎಂಬ ಹೆಸರು. ಮಳೆಯಿರಲಿ ಬಿಸಿಲಿರಲಿ ಅಂಚೆ ತಲುಪಿಸುವವನಂತೆ ಅವರು ಪ್ರತಿ ಪಂದ್ಯದಲ್ಲೂ ಅಂಕ ತಂದುಕೊಡುತ್ತಾರೆ ಎಂಬ ಭರವಸೆ ಅದರಲ್ಲಿತ್ತು. 1997ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನೂ ಪಡೆದ ಅವರು ಜೂನ್ 1ರಂದು ಷಿಕಾಗೊದಲ್ಲಿ, ಮೈಕಲ್ ಜಾರ್ಡನ್ ಅವರ ಷಿಕಾಗೊ ಬುಲ್ಸ್ ವಿರುದ್ಧ ಫೈನಲ್ ಸರಣಿಯ ಮೊದಲ ಪಂದ್ಯ ಆಡುತ್ತಿದ್ದರು. ಎರಡೂ ತಂಡಗಳು 82 ಅಂಕಗಳಲ್ಲಿ ಸಮನಾಗಿದ್ದವು, ಉಳಿದದ್ದು 9.2 ಸೆಕೆಂಡು, ಮಲೋನ್ ಅವರಿಗೆ ಎರಡು ಫ್ರೀ ಥ್ರೋ ದೊರೆತಿದ್ದವು. ಎದುರಾಳಿ ತಪ್ಪೆಸಗಿದಾಗ ಯಾರ ಅಡ್ಡಿಯೂ ಇಲ್ಲದೆ ನಿಗದಿತ ಗೆರೆಯಿಂದ ಬುಟ್ಟಿಗೆ ಎಸೆಯುವ ಅವಕಾಶವೇ ಫ್ರೀ ಥ್ರೋ. ಒಂದು ಬಿದ್ದಿದ್ದರೂ ಯೂಟಾ ಮುನ್ನಡೆಯುತ್ತಿತ್ತು. ಆಗ ಬುಲ್ಸ್ ತಂಡದ ಸ್ಕಾಟಿ ಪಿಪ್ಪೆನ್ ಅವರ ಪಕ್ಕದಲ್ಲಿ ಹಾದುಹೋಗುತ್ತ, ಭಾನುವಾರ ಅಂಚೆಯವ ಬಟವಾಡೆ ಮಾಡುವುದಿಲ್ಲ ಎಂಬರ್ಥದ ಮಾತೊಂದನ್ನು ಉಸುರಿದರು. ಅಂದು ನಿಜಕ್ಕೂ ಭಾನುವಾರವಾಗಿತ್ತು. ಮಲೋನ್ ಎಸೆದ ಎರಡೂ ಚೆಂಡು ಗುರಿ ತಪ್ಪಿದವು, ಕೊನೆಯ ಕ್ಷಣದಲ್ಲಿ ಜಾರ್ಡನ್ ಹಾಕಿದ ಬುಟ್ಟಿಯಿಂದ ಷಿಕಾಗೊ 84–82ರಲ್ಲಿ ಗೆದ್ದಿತು. ಎದುರಾಳಿಯ ಮನಸ್ಸಿಗೆ ತಾಕುವ ಬಾಣವನ್ನು ಪಿಪ್ಪೆನ್ ಹೊಸದಾಗಿ ಹೊಸೆಯಬೇಕಾಗಿರಲಿಲ್ಲ, ಅದು ಹನ್ನೆರಡಕ್ಕೂ ಹೆಚ್ಚು ವರ್ಷಗಳಿಂದ ಮಲೋನ್ ಅವರ ಹೆಸರಿನಲ್ಲೇ ಸಿದ್ಧವಾಗಿತ್ತು.

ದೇಹವನ್ನು ಹಿಡಿದು ಕರೆಯುವ ಹೆಸರುಗಳಲ್ಲಿ ಪ್ರೀತಿ ಮತ್ತು ನೋವು ಬೆರೆತೇ ಇರುತ್ತವೆ. ಎನ್‌ಬಿಎ ಇತಿಹಾಸದ ಅತಿ ಗಿಡ್ಡ ಆಟಗಾರ, 5 ಅಡಿ 3 ಅಂಗುಲದ ಟೈರೋನ್ ಬೋಗ್ಸ್, ಬಾಲ್ಟಿಮೋರ್ ನಗರದ ಬೀದಿಯಂಗಳಗಳಲ್ಲಿ ದೊಡ್ಡವರ ಕೈಯಿಂದ ಚೆಂಡನ್ನು ದರೋಡೆ ಮಾಡಿದಂತೆ ಕಸಿಯುತ್ತಿದ್ದುದರಿಂದ ‘ಮಗ್ಸಿ’ ಆದರು. 1986ರ ಡಂಕ್ ಸ್ಪರ್ಧೆಯಲ್ಲಿ, ಅಂದರೆ ಜಿಗಿದು 10 ಅಡಿ ಎತ್ತರದ ಬಳೆಯೊಳಗೆ ಚೆಂಡನ್ನು ಮೇಲಿನಿಂದ ತುರುಕುವ ಸ್ಪರ್ಧೆಯಲ್ಲಿ, ಎಲ್ಲರನ್ನೂ ಸೋಲಿಸಿದ 5 ಅಡಿ 7 ಅಂಗುಲದ ಆ್ಯಂಟನಿ ವೆಬ್ ಅವರಿಗೆ ಇದ್ದ ‘ಸ್ಪಡ್’ ಎಂಬ ಹೆಸರು, ಕೂಸಾಗಿದ್ದಾಗ ಅವರ ತಲೆ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹದಂತಿದೆ ಎಂದು ಯಾರೋ ಆಡಿದ ಮಾತಿನಿಂದ ಬಂದದ್ದು. ಬಣ್ಣವನ್ನು ಹಿಡಿದು ಕರೆಯುವ ಹೆಸರುಗಳ ವಿಷಯ ಇನ್ನೂ ಸೂಕ್ಷ್ಮ. ಎರಡು ಬಾರಿ ಡಂಕ್‌ನ ರಭಸಕ್ಕೆ ಬುಟ್ಟಿಯ ಹಿಂದಿನ ಗಾಜಿನ ಹಲಗೆಯನ್ನೇ ಪುಡಿಮಾಡಿದ ಡ್ಯಾರಿಲ್ ಡಾಕಿನ್ಸ್, ತಮಗೆ ‘ಚಾಕೊಲೇಟ್ ಥಂಡರ್’ ಎಂಬ ಹೆಸರು ಕೊಟ್ಟವರು ಅಂಧ ಗಾಯಕ ಸ್ಟೀವಿ ವಂಡರ್ ಎಂದು ಹೇಳಿಕೊಳ್ಳುತ್ತಿದ್ದರು. ಕಪ್ಪು ಸಮುದಾಯದ ಒಳಗಿನಿಂದ, ಹೆಮ್ಮೆಯಿಂದ ಬಂದ ಹೆಸರಾದ್ದರಿಂದ ಅದು ಬೆಳಗಿತು. ಅದೇ ಮಾತು ಹೊರಗಿನ ಬಾಯಿಂದ ಬಂದಿದ್ದರೆ ಬೇರೆಯದೇ ಅರ್ಥ ಪಡೆಯುತ್ತಿತ್ತು.

1990ರ ದಶಕದ ನಂತರ ಹೆಸರಿಡುವ ಅಧಿಕಾರ ಅಂಗಳದಿಂದ ಮಾರುಕಟ್ಟೆಗೆ ಸರಿದದ್ದನ್ನು ಕಾಣಬಹುದು. ಷಕೀಲ್ ಓನೀಲ್ ತಮಗೆ ತಾವೇ ‘ಡೀಸೆಲ್’, ‘ಬಿಗ್ ಅರಿಸ್ಟಾಟಲ್’ ಎಂದು ಹೆಸರುಗಳನ್ನು ಪೇರಿಸಿಕೊಂಡರೂ, ಇತರರಿಗೆ ಕೊಡುವುದರಲ್ಲೂ ಧಾರಾಳಿಯಾಗಿದ್ದರು. 2001ರ ಮಾರ್ಚ್‌ನಲ್ಲಿ ತಮ್ಮ ತಂಡದ ವಿರುದ್ಧವೇ 42 ಅಂಕ ಗಳಿಸಿದ ಪಾಲ್ ಪಿಯರ್ಸ್ ಅವರನ್ನು ‘ಟ್ರೂತ್’ ಎಂದು ಕರೆದು, ಅದನ್ನು ಬರೆದುಕೊಳ್ಳುವಂತೆ ವರದಿಗಾರನಿಗೆ ಹೇಳಿದವರು ಅವರೇ. ಕೋಬಿ ಬ್ರಯಂಟ್ ತಮ್ಮ ಜೀವನ ನ್ಯಾಯಾಲಯದ ಪ್ರಕರಣದಿಂದ ಅಲುಗಾಡಿದ್ದ ಕಾಲದಲ್ಲಿ ‘ಕಿಲ್ ಬಿಲ್’ ಚಲನಚಿತ್ರದಿಂದ ‘ಬ್ಲ್ಯಾಕ್ ಮಾಂಬಾ’ ಎಂಬ ವಿಷಸರ್ಪದ ಹೆಸರನ್ನು ತಾವೇ ಆರಿಸಿಕೊಂಡರು. ಆ್ಯಂಟನಿ ಡೇವಿಸ್ 2012ರಲ್ಲಿ, ಎನ್‌ಬಿಎ ಅಂಗಳಕ್ಕೆ ಕಾಲಿಡುವ ಮೊದಲೇ, ತಮ್ಮ ಕೂಡುಹುಬ್ಬನ್ನು ಕುರಿತ ಘೋಷಣೆಯನ್ನು ವ್ಯಾಪಾರಮುದ್ರೆಯಾಗಿ ನೋಂದಾಯಿಸಲು ಮುಂದಾದರು. 2014ರ ಜನವರಿ 10ರಂದು ಬ್ರೂಕ್ಲಿನ್ ಮತ್ತು ಮಯಾಮಿ ತಂಡಗಳು ಅಂಗಿಯ ಬೆನ್ನ ಮೇಲೆ ಅಡ್ಡಹೆಸರುಗಳನ್ನೇ ಅಚ್ಚುಹಾಕಿಸಿಕೊಂಡು ಆಡಿದವು. ಪಿಯರ್ಸ್ ಅವರ ಬೆನ್ನ ಮೇಲೆ ‘ದ ಟ್ರೂತ್’ ಎಂದಿದ್ದರೆ, ಇನಿಷಿಯಲ್‌ಗಳ ಜೊತೆಗೆ 47 ಸಂಖ್ಯೆಯನ್ನು ಸೇರಿಸಿ ಹುಟ್ಟಿದ ‘ಎಕೆ-47’ ಎಂಬ ಹೆಸರು ರಷ್ಯದ ಆಂದ್ರೆ ಕಿರಿಲೆಂಕೊ ಅವರ ಬೆನ್ನ ಮೇಲಿತ್ತು. ಇತ್ತೀಚಿನ ತಲೆಮಾರಿನ ತಾರೆಯರಲ್ಲಿ ಬಹುಪಾಲು ಕೆಡಿ, ಎಸ್‌ಜಿಎ ಎಂಬಂಥ ಇನಿಷಿಯಲ್‌ಗಳಾಗಿ ಉಳಿದಿದ್ದಾರೆ. ಇಂಥ ಹೆಸರುಗಳಲ್ಲಿ ಅನುಕೂಲವಿದೆಯೇ ಹೊರತು ಕಥೆಯಿಲ್ಲ. ನೋಡುವ ಕಣ್ಣು ಕೊಟ್ಟ ಹೆಸರಿಗೂ ಪ್ರಚಾರ ವಿಭಾಗ ಕೊಟ್ಟ ಹೆಸರಿಗೂ ಇರುವ ಅಂತರ ಕೇಳಿದ ಕೂಡಲೇ ಕಿವಿಗೆ ತಿಳಿಯುತ್ತದೆ.

ಈ ಹಿನ್ನೆಲೆಯಲ್ಲಿ ಭಾರತದ ಬ್ಯಾಸ್ಕೆಟ್‌ಬಾಲ್ ಅನ್ನು ನೋಡಬೇಕು. ವೈಎಂಸಿಎ ಸಂಸ್ಥೆಗಳ ಮೂಲಕ ಈ ಆಟ ಭಾರತಕ್ಕೆ ಬಂದು ನೂರಕ್ಕೂ ಹೆಚ್ಚು ವರ್ಷಗಳಾದವು, ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1934ರಲ್ಲಿ ನವದೆಹಲಿಯಲ್ಲೇ ನಡೆಯಿತು, ರಾಷ್ಟ್ರೀಯ ಒಕ್ಕೂಟ 1950ರಲ್ಲಿ ರಚನೆಯಾಯಿತು. ಇಷ್ಟು ಹಳೆಯ ಆಟವಾದರೂ, ಅದನ್ನು ಪೋಷಿಸಿದ್ದು ಲೀಗ್‌ಗಳಲ್ಲ, ಸರಕಾರಿ ಇಲಾಖೆಗಳು ಮತ್ತು ಸಾರ್ವಜನಿಕ ಉದ್ಯಮಗಳು. ಭಾರತೀಯ ರೈಲ್ವೆ, ಸೇನೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ದೆಹಲಿಯ ದೂರವಾಣಿ ಸಂಸ್ಥೆಯಾದ ಎಂಟಿಎನ್‌ಎಲ್ ಮುಂತಾದವು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಈ ವ್ಯವಸ್ಥೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ, ಅದರ ಉಪಕಾರ ಸಣ್ಣದಲ್ಲ. ಆದರೆ ಅದರಲ್ಲಿ ಆಟಗಾರನ ಗುರುತು ಅವನ ಉದ್ಯೋಗದಾತನ ಮೂಲಕವೇ ಹೇಳಲ್ಪಡುತ್ತದೆ: ಒಎನ್‌ಜಿಸಿಯ ವಿಶೇಷ್ ಭೃಗುವಂಶಿ, ದಕ್ಷಿಣ ರೈಲ್ವೆಯ ಗೀತು ಅನ್ನಾ ಜೋಸ್ ಎಂದು. 2014ರಲ್ಲಿ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಭಾರತ ತಂಡ ಚೀನಾವನ್ನು ಅದರ ನೆಲದಲ್ಲೇ ಸೋಲಿಸಿದಾಗಲೂ, ಆ ಗೆಲುವಿನ ಆಟಗಾರರ ಪೈಕಿ ಒಬ್ಬರಿಗೂ ಜನ ನೆನಪಿಟ್ಟುಕೊಳ್ಳುವಂಥ ಹೆಸರು ಅಂಟಲಿಲ್ಲ.

ಹೆಸರೇ ಇರಲಿಲ್ಲವೆಂದಲ್ಲ, ಇದ್ದ ಹೆಸರುಗಳು ಮನೆಯೊಳಗೇ ಉಳಿದಿದ್ದವು. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಎಂಬ ಪುಟ್ಟ ಹಳ್ಳಿಯಿಂದ ಬಂದು, ಲುಧಿಯಾನಾದ ಅಕಾಡೆಮಿಯಲ್ಲಿ ಪಳಗಿ, 2010ರಲ್ಲಿ ಫ್ಲಾರಿಡಾದ ತರಬೇತಿ ಕೇಂದ್ರಕ್ಕೆ ಹೋದ ಸತ್ನಾಮ್ ಸಿಂಗ್ ಭಮರಾ ಅವರನ್ನು 2015ರ ಜೂನ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ 52ನೆಯ ಆಯ್ಕೆಯಾಗಿ ಡ್ರಾಫ್ಟ್ ಮಾಡಿತು. ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪದ್ಧತಿಯೇ ಡ್ರಾಫ್ಟ್, ಅದರಲ್ಲಿ ಆಯ್ಕೆಯಾದ ಮೊದಲ ಭಾರತೀಯ ಇವರು. 7 ಅಡಿ 2 ಅಂಗುಲ ಎತ್ತರದ, ಬಾಗಿಲಿಗೂ ಮಂಚಕ್ಕೂ ಹಿಡಿಸದ ಈ ಯುವಕನನ್ನು ಬಲ್ಲವರು ಕರೆಯುತ್ತಿದ್ದುದು ‘ಛೋಟೂ’ ಎಂದು. ಮನೆಯ ಚಿಕ್ಕ ಹುಡುಗನನ್ನೋ ಚಹಾದಂಗಡಿಯ ಬಾಲಕನನ್ನೋ ಕರೆಯುವ ಈ ಹೆಸರಿನಲ್ಲಿರುವ ಸಲುಗೆ, ವಿಲ್ಟ್ ಚೇಂಬರ್ಲಿನ್ ಅವರ ಗೆಳೆಯರ ‘ಡಿಪ್ಪರ್’ ಎಂಬುದರಲ್ಲಿರುವ ಸಲುಗೆಯೇ. ವ್ಯತ್ಯಾಸವೆಂದರೆ ಡಿಪ್ಪರ್ ಫಿಲಡೆಲ್ಫಿಯಾದ ಪತ್ರಿಕೆಗಳ ಮೂಲಕ ಬೆಳೆದು ಬಿಗ್ ಡಿಪ್ಪರ್ ಆಯಿತು, ಛೋಟೂಗೆ ಅಂಥ ಪ್ರಯಾಣ ದೊರೆಯಲಿಲ್ಲ. ಎನ್‌ಬಿಎ ಪಂದ್ಯದಲ್ಲಿ ಆಡುವ ಅವಕಾಶ ಸತ್ನಾಮ್ ಅವರಿಗೆ ಕೊನೆಗೂ ಬರಲಿಲ್ಲ. ಅವರು ಮುಂದೆ ಅಮೆರಿಕದ ವೃತ್ತಿಪರ ಕುಸ್ತಿಯ ಕಣಕ್ಕೆ ಸೇರಿದರು.

ದೆಹಲಿಯಲ್ಲಿ ಎತ್ತರದ ಹುಡುಗನಿಗೆ ತಪ್ಪದೆ ಅಂಟುವ ಹೆಸರು ‘ಲಂಬೂ’. ವೇಗದ ಬೌಲರ್ ಇಶಾಂತ್ ಶರ್ಮಾ ಅವರ ಪಾಲಿಗೆ ಅದೇ ಹೆಸರು ಕ್ರಿಕೆಟ್ ಅಭಿಮಾನಿಗಳಿಗೆಲ್ಲ ತಿಳಿಯುವಷ್ಟು ಪ್ರಸಿದ್ಧವಾಯಿತು. ಅವರ ಪತ್ನಿ ಪ್ರತಿಮಾ ಸಿಂಗ್ ಭಾರತ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವರು. ವಾರಾಣಸಿಯ ಒಂದೇ ಮನೆಯಿಂದ ಬಂದ ದಿವ್ಯಾ, ಪ್ರಶಾಂತಿ, ಆಕಾಂಕ್ಷಾ ಮತ್ತು ಪ್ರತಿಮಾ ನಾಲ್ವರೂ ದೇಶವನ್ನು ಪ್ರತಿನಿಧಿಸಿದರು, ಇವರಲ್ಲಿ ಪ್ರಶಾಂತಿ ಮತ್ತು ಆಕಾಂಕ್ಷಾ ಎಂಟಿಎನ್‌ಎಲ್ ತಂಡಕ್ಕೆ ಆಡಿ ದೆಹಲಿಯವರೆಂದೇ ಗುರುತಾದರು. ಪ್ರಶಾಂತಿ 2017ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2019ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಇಷ್ಟೆಲ್ಲ ಸಾಧನೆಯ ಮೇಲೂ ನಾಲ್ವರಿಗೂ ಸೇರಿ ದೊರೆತದ್ದು ‘ಸಿಂಗ್ ಸಿಸ್ಟರ್ಸ್’ ಎಂಬ ಒಂದೇ ಹೆಸರು. ಅದು ಅವರ ಕುಟುಂಬವನ್ನು ಹೇಳುತ್ತದೆ, ಅವರ ಆಟವನ್ನು ಹೇಳುವುದಿಲ್ಲ. ಯಾರ ಪಾಸ್ ಕರಾರುವಾಕ್ಕು, ಯಾರ ಕೈ ದೂರದ ಎಸೆತಕ್ಕೆ ಪಳಗಿದ್ದು ಎಂಬುದನ್ನು ಬೇರ್ಪಡಿಸಿ ಹೇಳುವ ನಾಲ್ಕು ಹೆಸರುಗಳು ಹುಟ್ಟಬೇಕಾಗಿದ್ದವು.

ಇಶಾಂತ್ ಮತ್ತು ಪ್ರತಿಮಾ ಅವರ ಒಂದೇ ಮನೆಯಲ್ಲಿ ಒಬ್ಬರಿಗೆ ಹೆಸರು ಸಿಕ್ಕು ಇನ್ನೊಬ್ಬರಿಗೆ ಸಿಗದಿದ್ದ ಕಾರಣ ಪ್ರತಿಭೆಯ ಹೆಚ್ಚುಕಡಿಮೆಯಲ್ಲ, ಕೇಳುವ ಕಿವಿಗಳ ಹೆಚ್ಚುಕಡಿಮೆ. ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಇರಾನಿ ಟ್ರೋಫಿ ಪಂದ್ಯವೊಂದರಲ್ಲಿ ಅನಿಲ್ ಕುಂಬ್ಳೆ ಎಸೆದ ಚೆಂಡು ಪುಟಿದು ಏರಿದಾಗ, ಮಿಡ್ ಆನ್‌ನಲ್ಲಿ ನಿಂತಿದ್ದ ನವಜೋತ್ ಸಿಂಗ್ ಸಿಧು ಅದನ್ನು ಜಂಬೋ ಜೆಟ್ ಎಂದರು, ಜೆಟ್ ಉದುರಿ ಜಂಬೋ ಉಳಿಯಿತು ಎಂದು ಕುಂಬ್ಳೆಯವರೇ ಹೇಳಿದ್ದಾರೆ. ಒಬ್ಬ ಜೊತೆಗಾರನ ಬಾಯಿಂದ ಜಾರಿದ ಮಾತನ್ನು ಬೆಂಗಳೂರಿನ ಮನೆಮನೆಗೂ ತಲುಪಿಸಲು ಆಕಾಶವಾಣಿ, ದೂರದರ್ಶನ, ಪತ್ರಿಕೆಗಳು ಸಾಲುಗಟ್ಟಿ ನಿಂತಿದ್ದವು. ಬ್ಯಾಸ್ಕೆಟ್‌ಬಾಲ್ ಅಂಗಳಗಳಲ್ಲೂ ಇಂಥ ಮಾತುಗಳು ದಿನವೂ ಜಾರುತ್ತವೆ, ಹಿಡಿದುಕೊಳ್ಳುವವರಿಲ್ಲ.

ಈ ವಾದಕ್ಕೆ ಕಬಡ್ಡಿಯಷ್ಟು ಬಲವಾದ ಸಾಕ್ಷಿ ಬೇರೆ ಇಲ್ಲ. ಶತಮಾನಗಳಿಂದ ಹಳ್ಳಿಯ ಅಂಗಳದಲ್ಲಿದ್ದ ಆ ಆಟ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆಗಿ ಟಿವಿ ಪರದೆಗೆ ಬಂದ ಕೆಲವೇ ವರ್ಷಗಳಲ್ಲಿ, ದೆಹಲಿಗೆ ಹತ್ತಿರದ ಸೋನಿಪತ್ ಜಿಲ್ಲೆಯ ರಿಂಢಾನಾ ಗ್ರಾಮದ ಪರ್ದೀಪ್ ನರ್ವಾಲ್ ‘ಡುಬ್ಕಿ ಕಿಂಗ್’ ಆದರು. ಕೈಕೈ ಹಿಡಿದು ನಿಂತ ರಕ್ಷಕರ ಸರಪಳಿಯ ಅಡಿಯಿಂದ ನೀರಿನಲ್ಲಿ ಮುಳುಗಿ ಏಳುವಂತೆ ನುಸುಳುವ ಅವರ ಪಟ್ಟಿಗೆ ಡುಬ್ಕಿ ಎಂದು ಹೆಸರು. ಅದೇ ರೀತಿ ದೆಹಲಿಯ ಬವಾನಾದಿಂದ ಬಂದ ಪವನ್ ಸೆಹ್ರಾವತ್, ರಕ್ಷಕರ ತಲೆಯ ಮೇಲಿಂದ ಹಾರುವ ಬಗೆಗಾಗಿ ‘ಹೈ ಫ್ಲೈಯರ್’ ಎನಿಸಿಕೊಂಡರು. 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ ಮೇಲೆ ಕನ್ನಡಿಗರ ಬಾಯಲ್ಲೂ ಆ ಹೆಸರು ನಿಂತಿತು. ಆಟ ಬದಲಾಗಿರಲಿಲ್ಲ. ಪ್ರತಿದಿನ ಸಂಜೆ ಅದೇ ಆಟಗಾರರನ್ನು ನೋಡಿ, ಪ್ರೇಕ್ಷಕರ ಭಾಷೆಯಲ್ಲೇ ಅವರ ಬಗ್ಗೆ ಮಾತಾಡುವವರು ಹೊಸದಾಗಿ ಬಂದಿದ್ದರು.

ಬ್ಯಾಸ್ಕೆಟ್‌ಬಾಲ್‌ಗೂ ಇಂಥ ಪ್ರಯತ್ನಗಳು ಆಗದೆ ಇಲ್ಲ. 2015ರಿಂದ 2017ರವರೆಗೆ ನಡೆದ ಯುಬಿಎ ಲೀಗ್‌ನಲ್ಲಿ ಬೆಂಗಳೂರು ಬೀಸ್ಟ್, ಪುಣೆ ಪೇಶ್ವಾಸ್, ಚೆನ್ನೈ ಸ್ಲ್ಯಾಮ್ ಎಂಬ ತಂಡಗಳಿದ್ದವು. ದೆಹಲಿಯ ತಂಡಕ್ಕೆ ಇದ್ದ ‘ದೆಹಲಿ ಕ್ಯಾಪಿಟಲ್ಸ್’ ಎಂಬ ಹೆಸರನ್ನು ಕ್ರಿಕೆಟ್ ತಂಡವೊಂದು 2018ರ ಕೊನೆಯಲ್ಲಿ ಇಟ್ಟುಕೊಂಡು ಪ್ರಸಿದ್ಧಗೊಳಿಸಿತು. 2022ರಲ್ಲಿ ಆರಂಭವಾದ ಐಎನ್‌ಬಿಎಲ್ ಲೀಗ್‌ನಲ್ಲಿ ‘ದೆಹಲಿ ಡ್ರಿಬ್ಲರ್ಸ್’, ‘ಬೆಂಗಳೂರು ಕಿಂಗ್ಸ್’ ಬಂದವು. ತಂಡಗಳಿಗೆ ಹೆಸರಿಡಲು ಒಂದು ಸಭೆ ಸಾಕು, ಆಟಗಾರನಿಗೆ ಹೆಸರು ಬರಲು ಒಂದರ ಹಿಂದೊಂದು ಋತು ಬೇಕು, ಅದೇ ಮುಖವನ್ನು ಅದೇ ಅಂಗಳದಲ್ಲಿ ಮತ್ತೆ ಮತ್ತೆ ನೋಡುವ ಪ್ರೇಕ್ಷಕರು ಬೇಕು. ಎರಡು ಮೂರು ವರ್ಷಕ್ಕೆ ನಿಂತುಹೋಗುವ ಲೀಗ್‌ಗಳಲ್ಲಿ ಆ ಅವಕಾಶ ಒದಗುವುದಿಲ್ಲ. ಗ್ರೇಟರ್ ನೊಯ್ಡಾದ ಅಕಾಡೆಮಿಯಿಂದ ಹೊರಟ ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ 2021ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದೊಂದಿಗೆ ಎನ್‌ಬಿಎ ಬೇಸಿಗೆ ಲೀಗ್‌ನ ಪ್ರಶಸ್ತಿ ಗೆದ್ದಾಗ, ಅವರ ಆಟವನ್ನು ಎದುರಿಗೆ ನಿಂತು ನೋಡುತ್ತಿದ್ದವರು ಅಮೆರಿಕದ ಪ್ರೇಕ್ಷಕರು.

ಬೆಂಗಳೂರಿಗೆ ಅಂಥ ಒಂದು ಸಂಜೆ ಒದಗಿತ್ತು. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಪಂದ್ಯಾವಳಿಯ ಬಿ ವಿಭಾಗದ ಫೈನಲ್ ನಗರದಲ್ಲೇ ನಡೆದು, ಅನಿತಾ ಪಾಲ್‌ದುರೈ ಅವರಿದ್ದ ಭಾರತ ತಂಡ ಕಜಕಿಸ್ತಾನವನ್ನು 75–73 ಅಂಕಗಳಿಂದ, ಅಂದರೆ ಒಂದೇ ಒಂದು ಬುಟ್ಟಿಯ ಅಂತರದಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. ಕೊನೆಯ ನಿಮಿಷಗಳ ಆ ಹಣಾಹಣಿಯಲ್ಲಿ ಚೆಂಡು ಕಸಿದವಳಿಗೆ, ಒತ್ತಡದಲ್ಲೂ ಕೈ ನಡುಗದವಳಿಗೆ, ರೀಬೌಂಡ್‌ಗೆ ಎಲ್ಲರಿಗಿಂತ ಮೊದಲು ನೆಗೆದವಳಿಗೆ ಹೆಸರಿಡಲು ಬೇಕಾದ ಸಾಮಗ್ರಿಯೆಲ್ಲ ಅಂಗಳದಲ್ಲಿತ್ತು. ಕನ್ನಡದಲ್ಲಿ ಅದನ್ನು ಕೂಗಿ ಹೇಳುವ ಉದ್ಘೋಷಕ ಮತ್ತು ಮರುದಿನ ಅದನ್ನು ಶೀರ್ಷಿಕೆಯಲ್ಲಿ ಅಚ್ಚುಹಾಕುವ ವರದಿಗಾರ ಇಬ್ಬರೂ ಬೇಕಾಗಿದ್ದರು.